ಆಭಾ ಕೌಂಟರ್: ಟೋಕನ್ ಬೇಗ ಸಿಗುತ್ತೆ, ದಾಖಲೆ ಯಾರ ಕೈಗೆ ಹೋಗುತ್ತೆ?

ದಾವಣಗೆರೆ, ಚಿತ್ರದುರ್ಗದ ಕಡೆ ಆಸ್ಪತ್ರೆಗೆ ಹೋಗುವವರನ್ನು ಈಗ ಚೀಟಿ ಕೌಂಟರಿನಲ್ಲೇ ‘ಆಭಾ ಇದೆಯಾ?’ ಎಂದು ಕೇಳುತ್ತಾರೆ. ಆಸ್ಪತ್ರೆಯ ದಾಖಲೆಗಳನ್ನು ಒಂದೇ ನಂಬರಿಗೆ ಜೋಡಿಸುವ, ಹದಿನಾಲ್ಕು ಅಂಕಿಯ ಈ ಆರೋಗ್ಯ ಖಾತೆಯನ್ನು ನಡೆಸುವುದು ಕೇಂದ್ರದ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ.

ಚೀಟಿ ಮಾಡಿಸುವ ಮಟ್ಟಿಗೆ ಸೇವೆ ಚೆನ್ನಾಗಿದೆ. ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಪ್ಪಿಗೆ ಒತ್ತಿದರೆ ಹೆಸರು, ವಯಸ್ಸು, ವಿಳಾಸ ನೇರವಾಗಿ ಕೌಂಟರಿನ ಕಂಪ್ಯೂಟರಿಗೆ ಹೋಗಿ ಟೋಕನ್ ಬರುತ್ತದೆ. ಗದ್ದಲದಲ್ಲಿ ಹೆಸರು ತಪ್ಪಾಗಿ ಟೈಪಾಗಿ, ಲ್ಯಾಬ್ ರಿಪೋರ್ಟಿನಲ್ಲಿ ಇನ್ನೊಂದು ಹೆಸರು ಬರುವ ರಗಳೆ ಇಲ್ಲ.

ಕೆಡುವುದು ಖಾತೆ ತೆರೆಯುವಾಗ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬದಲಾಗಿದ್ದರೆ ಓಟಿಪಿ ಬರುವುದಿಲ್ಲ. ಬೆರಳಚ್ಚು ಕೊಡೋಣವೆಂದರೆ, ಜಗಳೂರು, ಚಳ್ಳಕೆರೆ ಕಡೆಯಿಂದ ಬರುವ, ಹೊಲದಲ್ಲಿ ದುಡಿದು ಬೆರಳು ಸವೆದ ಹಿರಿಯರದ್ದು ಯಂತ್ರಕ್ಕೆ ಹಿಡಿಯುವುದಿಲ್ಲ. ಅಂಥವರು ಹಳೆ ಪದ್ಧತಿಯಲ್ಲೇ ಚೀಟಿ ಕೇಳಬೇಕು. ಆಭಾ ಕಡ್ಡಾಯವಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಇದನ್ನೇ ‘ಆಯುಷ್ಮಾನ್ ಕಾರ್ಡ್’ ಎಂದುಕೊಂಡು ಮಾಡಿಸಿದವರು ಬಹಳ ಜನ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ. ಆಭಾ ನಂಬರಿನಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಉಚಿತವಾಗುವುದಿಲ್ಲ.

ಹಾಗಾದರೆ ಆಭಾ ಕೇಳಲು ಆಸ್ಪತ್ರೆಗಳಿಗೆ ಇಷ್ಟು ಆತುರ ಏಕೆ? 2023ರ ಜನವರಿಯಿಂದ ಜಾರಿಗೆ ಬಂದ ಪ್ರೋತ್ಸಾಹಧನ ಯೋಜನೆ ನೋಡಿದರೆ ಒಂದು ಕಾರಣ ಸಿಗುತ್ತದೆ. ತಿಂಗಳಿಗೆ ಒಂದು ಹಾಸಿಗೆಗೆ 50 ದಾಖಲೆಗಳ ಲೆಕ್ಕ ದಾಟಿದ ಮೇಲೆ, ಆಭಾಗೆ ಜೋಡಿಸಿದ ಪ್ರತಿ ಹೆಚ್ಚುವರಿ ದಾಖಲೆಗೆ ಆಸ್ಪತ್ರೆಗೆ 20 ರೂಪಾಯಿ ಎಂದು ಅದರಲ್ಲಿ ನಿಗದಿಯಾಯಿತು. ಸಾಫ್ಟ್‌ವೇರ್ ಕಂಪನಿಗಳಿಗೂ ಪಾಲಿತ್ತು. ರೋಗಿಗೆ ಇದನ್ನು ಹೇಳುವವರಿಲ್ಲ.

ಎರಡನೆಯದು ಸಂಶೋಧನೆ. ಗುರುತು ತೆಗೆದ ಮಾಹಿತಿಯನ್ನು ಒಟ್ಟುಗೂಡಿಸಿ ಸಂಶೋಧನೆ, ಅಂಕಿಅಂಶ, ನೀತಿ ರೂಪಿಸಲು ಕೊಡಬಹುದೆಂದು 2020ರ ಆರೋಗ್ಯ ದತ್ತಾಂಶ ನೀತಿಯಲ್ಲೇ ಇದೆ. ಸಂಶೋಧನೆ ಖಂಡಿತ ಬೇಕು. ಚಿತ್ರದುರ್ಗದ ಬೋರ್‌ವೆಲ್ ನೀರಿನ ಫ್ಲೋರೈಡು ಜನರ ಹಲ್ಲು, ಮೂಳೆಗೆ ಏನು ಮಾಡಿದೆಯೆಂದು ತಿಳಿಯಲು ಇಂಥ ದಾಖಲೆಗಳೇ ಆಧಾರ. ಆದರೆ ಕೇಳುವವರು ಸರ್ಕಾರಿ ವಿಜ್ಞಾನಿಗಳೋ, ಔಷಧ ಕಂಪನಿಯೋ, ವಿಮೆ ಕಂಪನಿಯೋ ಎಂಬುದು ರೋಗಿಗೆ ಗೊತ್ತಾಗಬೇಕು. ಆರೋಗ್ಯ ಮಾಹಿತಿಯ ಭದ್ರತೆಗೆಂದು ಬಂದ 2018ರ ಕರಡು ಮಸೂದೆ ‘ದಿಶಾ’ದಲ್ಲಿ ಗುರುತು ತೆಗೆದ ಮಾಹಿತಿಯನ್ನೂ ವ್ಯಾಪಾರಕ್ಕೆ ಬಳಸಕೂಡದೆಂಬ ನಿಷೇಧವಿತ್ತು. ಅದು ಕಾನೂನಾಗಲೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೋ, ಸಂಶೋಧನೆಗೆ ವಿನಾಯಿತಿಯನ್ನೇ ಕೊಟ್ಟಿದೆ. ಸಂಶಯ ಹುಟ್ಟುವುದು ಇಲ್ಲಿ.

ಹೆಸರು ತೆಗೆದರೆ ಗುರುತು ಹೋಯಿತು ಎನ್ನುವುದು ಸಣ್ಣ ಊರುಗಳಲ್ಲಿ ನಡೆಯದ ಮಾತು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಹಿಮೋಫಿಲಿಯಾದ ಚಿಕಿತ್ಸೆಗೆ ಸುತ್ತಲ ಊರುಗಳಿಂದ ದಾವಣಗೆರೆಗೆ ಬರುವವರಿದ್ದಾರೆ. ಅಂಥ ಒಂದು ದಾಖಲೆಯಲ್ಲಿ ‘ಗಂಡು, 9 ವರ್ಷ, ಫ್ಯಾಕ್ಟರ್ 8 ಕೊರತೆ’ ಎಂದಿದ್ದು, ಪಕ್ಕದಲ್ಲಿ ಪಿನ್‌ಕೋಡ್ ಉಳಿದಿದ್ದರೆ ಸಾಕು, ಯಾರ ಮನೆ ಹುಡುಗ ಎಂದು ಊರವರೇ ಹೇಳುತ್ತಾರೆ. ನಾಳೆ ವಿಮೆ ಮಾಡಿಸುವಾಗ ಇದೇ ಅಡ್ಡ ಬರಬಾರದಲ್ಲ.

ಬಳಸುವವರು ಟೋಕನ್‌ಗೆ ಧಾರಾಳವಾಗಿ ಬಳಸಿ. ಯಾವುದಾದರೂ ಆಸ್ಪತ್ರೆ ಹಳೆಯ ದಾಖಲೆ ಕೇಳಿ ಆ್ಯಪ್‌ಗೆ ಕೋರಿಕೆ ಕಳಿಸಿದರೆ ಮಾತ್ರ ಕಣ್ಣುಮುಚ್ಚಿ ಒಪ್ಪಬೇಡಿ. ಉದ್ದೇಶ ಏನೆಂದು ಓದಿ, ಬೇಕಾದ ದಾಖಲೆಯನ್ನಷ್ಟೇ ಉಳಿಸಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದನ್ನು ಕಿರಿದು ಮಾಡಿ, ಒಪ್ಪಿಗೆ ಮುಗಿಯುವ ದಿನ ಹತ್ತಿರಕ್ಕಿಡಿ. ಕೊಟ್ಟ ಒಪ್ಪಿಗೆ ವಾಪಸ್ ಪಡೆಯಲೂ, ಖಾತೆಯನ್ನೇ ಅಳಿಸಲೂ ಅವಕಾಶವಿದೆ. ಓಟಿಪಿಯನ್ನು ಸಿಬ್ಬಂದಿಗೆ ಹೇಳುವ ಮೊದಲು ಅದು ಯಾವುದಕ್ಕೆಂದು ಕೇಳಿ.

ಯಾವ ಸಂಸ್ಥೆ, ಯಾವ ಸಂಶೋಧನೆಗೆ, ಯಾವ ಜಿಲ್ಲೆಯ ಮಾಹಿತಿ ಪಡೆಯಿತು ಎಂಬ ಪಟ್ಟಿಯನ್ನು ಪ್ರಾಧಿಕಾರ ಕನ್ನಡದಲ್ಲಿ ಪ್ರಕಟಿಸಿ ಪ್ರತಿ ಕೌಂಟರಿನ ಮುಂದೆ ಅಂಟಿಸಲಿ. ಅಲ್ಲಿಯವರೆಗೆ ಟೋಕನ್ ಸೇವೆಗೆ ಐದಕ್ಕೆ ನಾಲ್ಕು, ದಾಖಲೆ ಜೋಡಣೆಗೆ ಐದಕ್ಕೆ ಒಂದೂವರೆ.