ಬಸಿರಿನಲ್ಲಿ ಶೂಟಿಂಗ್: .22 ರೈಫಲ್ಲೋ, ಏರ್ ರೈಫಲ್ಲೋ, ಖಾಲಿ ಅಭ್ಯಾಸವೋ?

ತುಮಕೂರಿನಲ್ಲಿ ಶೂಟಿಂಗ್ ರೇಂಜಿಗೆ ಹೋಗುವ ಹೆಣ್ಣುಮಕ್ಕಳು ಗರ್ಭಿಣಿಯಾದಾಗ ಮೊದಲು ಕೈಬಿಡಬೇಕಾದದ್ದು .22, ಅಂದರೆ ಮದ್ದಿನ ಸಣ್ಣ ಗುಂಡು ಹಾರಿಸುವ ರೈಫಲ್. ಅದರ ಸದ್ದು ಸುಮಾರು 140 ಡೆಸಿಬೆಲ್. ಶಾಟ್‌ಗನ್ ಇನ್ನೂ ಜೋರು. ಇಯರ್ ಮಫ್ ನಿಮ್ಮ ಕಿವಿಗಷ್ಟೇ. 20ನೇ ವಾರದ ಆಸುಪಾಸಿನಿಂದ ಕೇಳಿಸಿಕೊಳ್ಳತೊಡಗುವ ಮಗುವಿಗೆ ಆ ರಕ್ಷಣೆ ಇಲ್ಲ.

ಸದ್ದಿಗಿಂತ ಸೀಸ ಕೆಟ್ಟದ್ದು. .22ರ ಪ್ರೈಮರ್ (ಗುಂಡಿನ ಬುಡದ ಕಿಡಿಮದ್ದು) ಸಿಡಿದಾಗ ಸೀಸದ ಹೊಗೆ ಏಳುತ್ತದೆ, ಮುಚ್ಚಿದ ರೇಂಜಿನಲ್ಲಿ ಅದು ನೇರ ಶ್ವಾಸಕ್ಕೆ. ರಕ್ತದಿಂದ ಮಾಸುಚೀಲ ದಾಟಿ ಮಗುವಿಗೆ. ವರ್ಷಗಟ್ಟಲೆ ಆಡಿದವರ ಮೂಳೆಯಲ್ಲಿ ಕೂತ ಸೀಸವೂ ಬಸಿರಿನಲ್ಲಿ ರಕ್ತಕ್ಕಿಳಿಯುತ್ತದೆ. ಆದ್ದರಿಂದ ತಾಯಿ ಕಾರ್ಡ್ ಮಾಡಿಸುವಾಗಲೇ ವೈದ್ಯರಿಗೆ ಹೇಳಿ ರಕ್ತದ ಸೀಸ ಪರೀಕ್ಷಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಸುಮ್ಮನಿರಬೇಡಿ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದರೆ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ಮುದ್ದೆ ಉಣ್ಣಿ, ಮಾತ್ರೆ ಬಿಡಬೇಡಿ.

ಗಾಳಿಯ ಒತ್ತಡದಿಂದ ಹಾರಿಸುವ 10 ಮೀಟರ್ ಏರ್ ರೈಫಲ್‌ನಲ್ಲಿ ಪ್ರೈಮರ್ ಇಲ್ಲ, ಸದ್ದೂ ಬಹಳ ಕಡಿಮೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಲೇಷ್ಯಾದ ನೂರ್ ಸೂರ್ಯಾನಿ ಎಂಟು ತಿಂಗಳ ಗರ್ಭಿಣಿಯಾಗಿ ಆಡಿದ್ದು ಇದನ್ನೇ. ಹಾಗೆಂದು ಪೂರ್ಣ ಸುರಕ್ಷಿತವಲ್ಲ: ಅದರ 4.5 ಮಿಲಿಮೀಟರ್ ಪೆಲೆಟ್ (ಪುಟ್ಟ ಗುಂಡು) ಸಾಮಾನ್ಯವಾಗಿ ಸೀಸದ್ದೇ. ತವರದ ಪೆಲೆಟ್ ಸಿಕ್ಕರೆ ಬಳಸಿ. ಪೆಲೆಟ್ ಬಾಯಲ್ಲಿಡುವ ಚಾಳಿ ಬೇಡ, ಟ್ರ್ಯಾಪ್ (ಹಾರಿಸಿದ ಪೆಲೆಟ್ ಬೀಳುವ ಪೆಟ್ಟಿಗೆ) ಖಾಲಿಮಾಡುವುದು, ನೆಲ ಗುಡಿಸುವುದು ಬೇರೆಯವರ ಕೆಲಸ. ಸೋಪಿನಲ್ಲಿ ಕೈ ತೊಳೆದ ಮೇಲೇ ನೀರು, ತಿಂಡಿ. ರೈಫಲ್ 5.5 ಕೆಜಿವರೆಗೂ ತೂಗಬಹುದು. ಹೊಟ್ಟೆ ಮುಂದೆ ಬಂದಂತೆ ಸೊಂಟ ನೋಯುತ್ತದೆ, ಬಿಗಿ ಜಾಕೆಟ್ ಹಿಡಿಯುವುದಿಲ್ಲ. ಏರ್ ಪಿಸ್ತೂಲ್ ಹಗುರ.

ನಮ್ಮ ಆಯ್ಕೆ, ಮನೆಯಲ್ಲೇ ಖಾಲಿ ಅಭ್ಯಾಸ, ಅಂದರೆ ಪೆಲೆಟ್ ಹಾಕದೆ ಗುರಿಯಿಟ್ಟು ಟ್ರಿಗರ್ ಒತ್ತುವುದು. ಚೆನ್ನಾಗಿ ಒರೆಸಿದ ಗನ್, ಗೋಡೆಗೆ ಗುರಿಹಾಳೆ, ಪೆಲೆಟ್ ಬೇರೆ ಕೋಣೆಯಲ್ಲಿ, ದಿನಕ್ಕೆ 15 ನಿಮಿಷ. ಸೀಸವೂ ಇಲ್ಲ, ಸದ್ದೂ ಇಲ್ಲ. ಬೇಜಾರಾಗುತ್ತದೆ, ನಿಜ.