ಫೈಲ್ ಅಲ್ಲೇ ಇದೆ, ರೋಬೋಗೆ ಮಾತ್ರ ಕಾಣ್ತಿಲ್ಲ: ಲೈಬ್ರರಿ ಎರರ್‌ಗೆ ನಾವು ಹಿಡಿದ ದಾರಿಗಳು

ರೋಬೋ ಸಾಫ್ಟ್‌ವೇರ್ ಕಟ್ಟಲು ಬಳಸುವ ರಾಸ್ (ROS) ಮೇಲೆ ಕೆಲಸ ಮಾಡುವವರಿಗೆ ಈ ಸಾಲು ಬಾಯಿಪಾಠ ಆಗಿರುತ್ತದೆ. ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’, ಅದರ ಮುಂದೆ ಯಾವುದೋ ಡಾಟ್ ಎಸ್‌ಒ ಫೈಲಿನ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡ್, ಅಂದರೆ ಲೈಬ್ರರಿ) ಹೆಸರು, ಕೊನೆಗೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ಪರಿಹಾರ ಕೇಳಿದರೆ ಒಬ್ಬರು ಎಕ್ಸ್‌ಪೋರ್ಟ್ ಕೊಡು ಅಂತಾರೆ, ಇನ್ನೊಬ್ಬರು ಲಿಂಕ್ ಹಾಕು ಅಂತಾರೆ, ಮತ್ತೊಬ್ಬರು ಎಲ್ಲಾ ಬಿಟ್ಟು ಡಾಕರ್‌ಗೆ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಒಂದೇ ಡಬ್ಬಿಯಲ್ಲಿ ಓಡಿಸುವ ವ್ಯವಸ್ಥೆ) ಹೋಗು ಅಂತಾರೆ. ನಾವು ಇವನ್ನೆಲ್ಲ ಮಾಡಿ ನೋಡಿದ್ದೇವೆ.

ನಾವು ಅಂದರೆ ನಾನು ಮತ್ತು ತೀರ್ಥಹಳ್ಳಿ ಕಡೆಯ ಒಬ್ಬ ಗೆಳೆಯ. ಅವನ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ ಹೊತ್ತು ಸಾಲುಗಳ ನಡುವೆ ಓಡಾಡುವ ಒಂದು ಸಣ್ಣ ಗಾಡಿ ಮಾಡುತ್ತಿದ್ದೇವೆ. ಗಾಡಿಯಲ್ಲಿ ರಾಸ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್, ಅದರ ಮೇಲೆ ಉಬುಂಟು 22.04 (ಲಿನಕ್ಸ್), ರಾಸ್ 2ರ ಹಂಬಲ್ ಆವೃತ್ತಿ. ಕೋಡ್ ಬರೆಯುವುದು ಶಿವಮೊಗ್ಗದ ನನ್ನ ಮನೆಯಲ್ಲಿ, ಓಡಿಸುವುದು ತೋಟದಲ್ಲಿ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋದರೆ ಮೊಬೈಲ್ ಟವರ್ ಕೂಡ ಹೋಗುತ್ತದೆ. ಹಾಗಾಗಿ ನನ್ನ ಅಳತೆಗೋಲು ಒಂದೇ. ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ಓಡಿದರೆ ಸಾಲದು, ತೋಟದಲ್ಲಿ ಸ್ವಿಚ್ ಒತ್ತಿದರೆ ಗಾಡಿ ತಾನಾಗೇ ಏಳಬೇಕು.

ಯಾವ ದಾರಿ ಹಿಡಿಯುವ ಮೊದಲೂ ಎಲ್‌ಡಿಡಿ ಕಮಾಂಡ್ ಕೊಟ್ಟು ನೋಡಿ. ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನೆಲ್ಲ ಅದು ಸಾಲಾಗಿ ತೋರಿಸುತ್ತದೆ, ಸಿಗದೇ ಇರುವುದರ ಎದುರು ‘ನಾಟ್ ಫೌಂಡ್’ ಅಂತ ಬರೆಯುತ್ತದೆ. ಆಮೇಲೆ ಫೈಂಡ್ ಕೊಟ್ಟು ಆ ಫೈಲ್ ಡಿಸ್ಕಿನಲ್ಲಿ ಇದೆಯಾ ಹುಡುಕಿ. ಫೈಲೇ ಇಲ್ಲ ಅನ್ನುವುದು ಒಂದು ಕಾಯಿಲೆ. ಇದೆ ಆದರೆ ಲೋಡರ್ (ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿ ಹುಡುಕಿ ಜೋಡಿಸುವ ಭಾಗ) ಆ ಫೋಲ್ಡರನ್ನು ನೋಡುತ್ತಿಲ್ಲ ಅನ್ನುವುದು ಇನ್ನೊಂದು. ಇದೆ ಆದರೆ ಬೇರೆ ವರ್ಷನ್ ಅನ್ನುವುದು ಮೂರನೆಯದು. ಮೂರಕ್ಕೂ ಎರರ್ ಮೆಸೇಜ್ ಒಂದೇ. ಜನ ಒಂದರ ಔಷಧಿ ಇನ್ನೊಂದಕ್ಕೆ ಕೊಡುವುದು ಅದಕ್ಕೇ.

ನಾಲ್ಕನೆಯದೂ ಒಂದಿದೆ, ಅದು ನಮ್ಮನ್ನು ಚೆನ್ನಾಗಿ ಆಟ ಆಡಿಸಿತು. ‘ಫೈಲ್ ಅಲ್ಲೇ ಇದೆಯಲ್ಲೋ ಮಾರಾಯ, ಕಣ್ಣಿಗೆ ಕಾಣ್ತಿದೆ, ಪಾತ್ ಕೂಡ ಕೊಟ್ಟಿದೀನಿ!’ ಅಂತ ಗೆಳೆಯ ಫೋನಿನಲ್ಲಿ ಕೂಗುತ್ತಿದ್ದ. ‘ಫೈಲ್’ ಅನ್ನೋ ಕಮಾಂಡನ್ನೇ ಅದರ ಮೇಲೆ ಕೊಟ್ಟು ನೋಡು ಅಂದೆ. ಎಕ್ಸ್86-64 ಅಂತ ಬಂತು. ಲ್ಯಾಪ್‌ಟಾಪಿಗೆ ಅಂತ ಬಿಲ್ಡ್ ಆದ ಲೈಬ್ರರಿ ಅದು, ಪೈ ಇರುವುದು ಆರ್ಮ್ 64. ಹುಡುಕುವ ದಾರಿಯಲ್ಲಿ ಬೇರೆ ಪ್ರೊಸೆಸರಿನ ಫೈಲ್ ಸಿಕ್ಕಿದರೆ ಲೋಡರ್ ಅದನ್ನು ಸುಮ್ನೆ ದಾಟಿ ಹೋಗುತ್ತದೆ, ಕೊನೆಗೆ ಫೈಲೇ ಇಲ್ಲ ಅನ್ನುತ್ತದೆ. ಇದಕ್ಕೆ ಯಾವ ಪಾತ್ ಕೊಟ್ಟರೂ ಉಪಯೋಗ ಇಲ್ಲ.

ಇನ್ನು ದಾರಿಗಳಿಗೆ ಬರೋಣ. ಎಲ್ಲರೂ ಮೊದಲು ಮಾಡುವುದು ಎಲ್‌ಡಿ ಲೈಬ್ರರಿ ಪಾತ್, ಅಂದರೆ ಎಲ್ಲೆಲ್ಲಿ ಹುಡುಕಬೇಕು ಅಂತ ಲೋಡರಿಗೆ ಹೇಳುವ ವೇರಿಯಬಲ್, ಎಕ್ಸ್‌ಪೋರ್ಟ್ ಮಾಡುವುದು. ರಾಸ್‌ನ ಸೆಟಪ್ ಡಾಟ್ ಬ್ಯಾಷ್ ಸೋರ್ಸ್ ಮಾಡಿದಾಗ (ಆ ಫೈಲನ್ನು ಟರ್ಮಿನಲ್‌ಗೆ ಓದಿಸಿದಾಗ) ಆಗುವ ಕೆಲಸಗಳಲ್ಲಿ ಇದೂ ಒಂದು. ಹಂಬಲ್‌ನ ಲಿಬ್ ಫೋಲ್ಡರ್ ಈ ವೇರಿಯಬಲ್‌ಗೆ ಸೇರಿಕೊಳ್ಳುತ್ತದೆ. ರಾಸ್‌ನದೇ ಲೈಬ್ರರಿ, ಉದಾಹರಣೆಗೆ ಲಿಬ್‌ಆರ್‌ಸಿಎಲ್ ಸಿಗುತ್ತಿಲ್ಲ ಅಂದರೆ ಹತ್ತರಲ್ಲಿ ಒಂಬತ್ತು ಸಲ ಸೋರ್ಸ್ ಮಾಡಿರುವುದಿಲ್ಲ, ಅಷ್ಟೇ. ಪರೀಕ್ಷೆಗೆ ಇದಕ್ಕಿಂತ ಬೇಗದ ದಾರಿ ಇಲ್ಲ. ಆದರೆ ಗಾಡಿಗೆ ಇದು ಆಗಿಬರಲ್ಲ. ಬೂಟ್ ಆದಾಗ ಪ್ರೋಗ್ರಾಂ ಎಬ್ಬಿಸುವುದು ಸಿಸ್ಟಮ್‌ಡಿ. ಟರ್ಮಿನಲ್ ತೆರೆದಾಗ ಓಡುವ ನಿಮ್ಮ ಬ್ಯಾಷ್‌ಆರ್‌ಸಿ ಫೈಲನ್ನು ಅದು ಓದುವುದಿಲ್ಲ. ಅಡ್ಮಿನ್ ಅಧಿಕಾರದಲ್ಲಿ ಓಡಿಸಲು ಸುಡೋ ಹಾಕಿದರೂ ಈ ವೇರಿಯಬಲ್ ಉದುರಿ ಹೋಗುತ್ತದೆ. ಎಲ್‌ಡಿಡಿ ಕೂಡ ಇಲ್ಲಿ ದಾರಿ ತಪ್ಪಿಸಬಹುದು. ನಿಮ್ಮ ಟರ್ಮಿನಲ್‌ನಲ್ಲಿ ಎಲ್ಲಾ ಸರಿ ಇದೆ ಅಂತ ತೋರಿಸಿ, ಸರ್ವೀಸ್ ಆಗಿ ಓಡಿಸಿದಾಗ ಅದೇ ಪ್ರೋಗ್ರಾಂ ಬಿದ್ದುಹೋಗುತ್ತದೆ. ಎನ್ವ್ ಜೊತೆ ಹೈಫನ್ ಐ ಕೊಟ್ಟು, ಖಾಲಿ ಪರಿಸರದಲ್ಲಿ ಎಲ್‌ಡಿಡಿ ಓಡಿಸಿದರೆ ನಿಜ ಗೊತ್ತಾಗುತ್ತದೆ.

ಲೋಡರ್ ನೋಡುವ ಲೈಬ್ರರಿ ಪಟ್ಟಿಯನ್ನು ಹೊಸದು ಮಾಡುವ ಎಲ್‌ಡಿಕಾನ್ಫಿಗ್ ಕಮಾಂಡ್ ಇದಕ್ಕಿಂತ ಗಟ್ಟಿ. ಇಟಿಸಿ ಒಳಗಿನ ಎಲ್‌ಡಿ ಡಾಟ್ ಎಸ್‌ಒ ಡಾಟ್ ಕಾನ್ಫ್ ಡಾಟ್ ಡಿ ಫೋಲ್ಡರಿನಲ್ಲಿ ಒಂದು ಕಾನ್ಫ್ ಫೈಲ್ ಇಟ್ಟು, ಅದರಲ್ಲಿ ಲೈಬ್ರರಿ ಇರುವ ಜಾಗದ ಒಂದು ಸಾಲು ಬರೆದು, ಸುಡೋ ಎಲ್‌ಡಿಕಾನ್ಫಿಗ್ ಹೊಡೆದರೆ ಮುಗಿಯಿತು. ಸಿಸ್ಟಮ್‌ಡಿಗೂ ಕಾಣುತ್ತದೆ, ಸುಡೋಗೂ ಕಾಣುತ್ತದೆ. ಸೋರ್ಸ್ ಕೋಡಿನಿಂದ ಮೇಕ್ ಇನ್‌ಸ್ಟಾಲ್ ಮಾಡಿದ ಲೈಬ್ರರಿ ಯುಎಸ್‌ಆರ್ ಲೋಕಲ್ ಲಿಬ್‌ನಲ್ಲಿ ಕೂತಿದ್ದರೂ ಸಿಗುತ್ತಿಲ್ಲ ಅಂದರೆ ಬರೀ ಎಲ್‌ಡಿಕಾನ್ಫಿಗ್ ಸಾಕು, ಹೊಸ ಫೈಲ್ ಕೂಡ ಬೇಡ. ತೊಂದರೆ ಏನೆಂದರೆ ಇದು ಇಡೀ ಯಂತ್ರಕ್ಕೆ ಅನ್ವಯ. ಕ್ಯಾಮೆರಾ ಕಂಪನಿಯವರ ಪ್ಯಾಕೇಜಿನ ಜೊತೆ ಅವರದೇ ಹಳೇ ಯುಎಸ್‌ಬಿ ಲೈಬ್ರರಿಯೂ ಬಂದಿತ್ತು. ಆ ಫೋಲ್ಡರ್ ಸೇರಿಸಿದ ತಕ್ಷಣ ಸಿಸ್ಟಮ್ಮಿನ ಲೈಬ್ರರಿ ಬಿಟ್ಟು ಎಲ್ಲಾ ಪ್ರೋಗ್ರಾಮುಗಳೂ ಅದನ್ನೇ ಎತ್ತಿಕೊಳ್ಳತೊಡಗಿದವು. ಕ್ಯಾಮೆರಾ ಎದ್ದಿತು, ಲೇಸರಿನಿಂದ ದೂರ ಅಳೆಯುವ ಲೈಡಾರ್ ಮಲಗಿತು.

ಸಿಂಬಾಲಿಕ್ ಲಿಂಕ್, ಅಂದರೆ ಇರುವ ಫೈಲಿಗೆ ಇನ್ನೊಂದು ಹೆಸರು ಕೊಡುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉಬುಂಟು 20.04ರಲ್ಲಿ ಬಿಲ್ಡ್ ಆದ ಒಂದು ಇಮೇಜ್ ಲೈಬ್ರರಿ ನಮಗೆ ಸಿಕ್ಕಿತ್ತು. ಅದು ಚಿತ್ರ ಸಂಸ್ಕರಣೆಯ ಓಪನ್‌ಸಿವಿ ಲೈಬ್ರರಿಯ 4.2 ಕೇಳುತ್ತದೆ, 22.04ರಲ್ಲಿ ಇರುವುದು 4.5. ಗೆಳೆಯ 4.5ಕ್ಕೆ 4.2ರ ಹೆಸರಿನಲ್ಲಿ ಒಂದು ಲಿಂಕ್ ಹಾಕಿದ. ಕೆಳದರ್ಜೆಯ ಗೊರಬಲು ಅಡಿಕೆ ಚೀಲಕ್ಕೆ ಮೇಲ್ದರ್ಜೆಯ ಸರಕು ಅಂತ ಚೀಟಿ ಅಂಟಿಸಿದ ಹಾಗೆ. ಎರರ್ ಹೋಯಿತು, ಚಿತ್ರವೂ ಬಂತು, ಸ್ವಲ್ಪ ಹೊತ್ತಿಗೆ ಸೆಗ್ಮೆಂಟೇಶನ್ ಫಾಲ್ಟ್, ಪ್ರೋಗ್ರಾಂ ಬಿತ್ತು. ವರ್ಷನ್ ನಂಬರನ್ನು ಫೈಲ್ ಹೆಸರಿನಲ್ಲಿ ಇಟ್ಟಿರುವುದೇ ಈ ಬೆರಕೆ ತಪ್ಪಿಸಲಿಕ್ಕೆ. ಸೋರ್ಸ್ ಕೋಡ್ ಕೈಲಿದ್ದರೆ ಬಿಲ್ಡ್, ಇನ್‌ಸ್ಟಾಲ್ ಫೋಲ್ಡರ್ ಅಳಿಸಿ ಇದೇ ಯಂತ್ರದಲ್ಲಿ ಮತ್ತೆ ಬಿಲ್ಡ್ ಮಾಡಿ. ನಾವೂ ಕೊನೆಗೆ ಅದನ್ನೇ ಮಾಡಿದೆವು.

ಫೈಲೇ ಇಲ್ಲದಿದ್ದಾಗ ರಾಸ್‌ಡೆಪ್ ಸರಿಯಾದ ದಾರಿ. ಸೋರ್ಸ್ ಫೋಲ್ಡರಿನ ಪ್ಯಾಕೇಜ್ ಡಾಟ್ ಎಕ್ಸ್‌ಎಂಎಲ್‌ಗಳನ್ನು ಓದಿ, ಬೇಕಾದ್ದನ್ನು ಉಬುಂಟುವಿನಲ್ಲಿ ಪ್ಯಾಕೇಜ್ ಇಳಿಸುವ ಆಪ್ಟ್ ಮೂಲಕ ತರುತ್ತದೆ. ಬರೆದವರು ಅದರಲ್ಲಿ ನಮೂದಿಸದೇ ಇದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಆಗ ಆಪ್ಟ್-ಫೈಲ್ ಸರ್ಚ್ ಕೊಟ್ಟರೆ ಆ ಎಸ್‌ಒ ಯಾವ ಪ್ಯಾಕೇಜಿನದು ಅಂತ ತಿಳಿಯುತ್ತದೆ. ಎರಡಕ್ಕೂ ನೆಟ್ ಬೇಕು, ಹಾಗಾಗಿ ಶಿವಮೊಗ್ಗ ಬಿಡುವ ಮೊದಲೇ ಮುಗಿಸಿಕೊಳ್ಳಬೇಕು. ಒಂದು ಎಚ್ಚರ: ಹೊಸ ರಾಸ್ ಪ್ಯಾಕೇಜ್ ಒಂದನ್ನೇ ಹಾಕಿ ಉಳಿದವನ್ನು ಹಳೆಯದಾಗಿ ಬಿಟ್ಟರೆ ‘ಅನ್‌ಡಿಫೈನ್ಡ್ ಸಿಂಬಲ್’ ಶುರುವಾಗಬಹುದು. ಮೊದಲು ಪೂರ್ತಿ ಅಪ್‌ಗ್ರೇಡ್, ಆಮೇಲೆ ಹೊಸದು.

ನನಗೆ ಇಷ್ಟವಾದ ದಾರಿ ರನ್‌ಪಾತ್. ಲೈಬ್ರರಿ ಎಲ್ಲಿದೆ ಅನ್ನುವುದನ್ನು ಬಿಲ್ಡ್ ಆದ ಪ್ರೋಗ್ರಾಂ ಫೈಲಿನ (ಬೈನರಿಯ) ಒಳಗೇ ಬರೆದುಬಿಡುವುದು. ಸಿಮೇಕ್ ಅನ್ನುವ ಬಿಲ್ಡ್ ಟೂಲ್ ಬಿಲ್ಡ್ ಮಾಡುವಾಗ ಇದನ್ನು ತಾನೇ ಬರೆಯುತ್ತದೆ, ಆದರೆ ಇನ್‌ಸ್ಟಾಲ್ ಹಂತದಲ್ಲಿ ಅಳಿಸಿಬಿಡುತ್ತದೆ. ಬಿಲ್ಡ್ ಫೋಲ್ಡರಿನಲ್ಲಿ ಓಡಿದ್ದು ಇನ್‌ಸ್ಟಾಲ್ ಆದ ಮೇಲೆ ಓಡಲ್ಲ ಅಂದರೆ ಇದನ್ನೇ ಮೊದಲು ಅನುಮಾನಿಸಿ. ಸಿಮೇಕ್ ಇನ್‌ಸ್ಟಾಲ್ ಆರ್‌ಪಾತ್ ಅನ್ನುವ ವೇರಿಯಬಲ್ ಕೊಟ್ಟರೆ ಅದು ಉಳಿಯುತ್ತದೆ. ಬೇರೆಯವರ ರೆಡಿ ಬೈನರಿ ಆದರೆ ಪ್ಯಾಚ್‌ಎಲ್ಫ್ ಬಳಸಿ ಬರೆಯಬಹುದು. ಕ್ಯಾಮೆರಾ ನೋಡ್‌ಗೆ (ಕ್ಯಾಮೆರಾ ನಡೆಸುವ ರಾಸ್ ಪ್ರೋಗ್ರಾಂ) ನಾನು ಇದನ್ನೇ ಮಾಡಿದೆ. ‘ನಾಟ್ ಫೌಂಡ್’ ಒಂದು ಹೋಗಿ ಇನ್ನೊಂದು ಬಂತು. ರನ್‌ಪಾತ್ ನೇರವಾಗಿ ಕೇಳಿದ ಲೈಬ್ರರಿಗೆ ಮಾತ್ರ ಕೆಲಸ ಮಾಡುತ್ತದೆ, ಆ ಲೈಬ್ರರಿ ತನ್ನ ಪಾಲಿಗೆ ಕೇಳುವ ಮತ್ತೊಂದಕ್ಕೆ ಅಲ್ಲ. ಕ್ಯಾಮೆರಾ ಲೈಬ್ರರಿಯ ಒಳಗೂ ಡಾಲರ್ ಒರಿಜಿನ್, ಅಂದರೆ ‘ನಾನಿರುವ ಫೋಲ್ಡರಿನಲ್ಲೇ ನೋಡು’ ಅಂತ ಬರೆದ ಮೇಲೆ ಎಲ್ಲಾ ಸಿಕ್ಕಿತು. ಅವರ ಹಳೇ ಯುಎಸ್‌ಬಿ ಲೈಬ್ರರಿ ಈಗ ಕ್ಯಾಮೆರಾ ನೋಡ್‌ಗೆ ಮಾತ್ರ. ಲೈಡಾರ್ ತನ್ನ ಪಾಡಿಗೆ ತಾನಿದೆ.

ಇದೂ ಸೋಲುವ ಜಾಗ ಒಂದಿದೆ. ಮೋಟಾರ್ ಕಂಟ್ರೋಲರಿಗೆ ರಿಯಲ್‌ಟೈಮ್ ಆದ್ಯತೆ ಬೇಕು ಅಂತ, ಪ್ರೋಗ್ರಾಂ ಫೈಲಿಗೆ ವಿಶೇಷ ಅಧಿಕಾರ ಕೊಡುವ ಸೆಟ್‌ಕ್ಯಾಪ್ ಕೊಟ್ಟರೆ, ಭದ್ರತೆಗಾಗಿ ಲೋಡರ್ ಎಲ್‌ಡಿ ಲೈಬ್ರರಿ ಪಾತನ್ನು ನೋಡುವುದೇ ಇಲ್ಲ, ಡಾಲರ್ ಒರಿಜಿನ್ ಕೂಡ ನಂಬುವಂತಿಲ್ಲ. ಪೂರ್ತಿ ಪಾತ್ ಬರೆಯಬೇಕು, ಇಲ್ಲವೇ ಎಲ್‌ಡಿಕಾನ್ಫಿಗ್. ನಾವು ಸೆಟ್‌ಕ್ಯಾಪನ್ನೇ ಬಿಟ್ಟು, ಸರ್ವೀಸ್ ಫೈಲಿನಲ್ಲಿ ಆ ಆದ್ಯತೆಗೆ ಅನುಮತಿ ಕೊಡುವ ಲಿಮಿಟ್ ಆರ್‌ಟಿಪ್ರಯೊ ಹಾಕಿದೆವು.

ಡಾಕರ್? ವರ್ಷನ್ ಜಗಳಕ್ಕೆ ಇದರಷ್ಟು ಒಳ್ಳೇ ಮದ್ದು ಇಲ್ಲ. ರಾಸ್ 1ರ ಕೊನೆಯ ಆವೃತ್ತಿ ನೊಯೆಟಿಕ್‌ಗೆ 2025ರ ಮೇನಲ್ಲಿ ಬೆಂಬಲ ಮುಗಿಯಿತು. ಅಂಥ ಹಳೇ ಕೋಡ್ ಓಡಿಸಬೇಕಾದರೆ ನಾನು ಕಣ್ಣು ಮುಚ್ಚಿ ಡಾಕರ್ ಅಂತೀನಿ. ಡಾಕರ್ ಇಮೇಜ್ ದೊಡ್ಡದು ನಿಜ, ಆದರೆ ಡಾಕರ್ ಸೇವ್ ಕೊಟ್ಟು ಪೆನ್‌ಡ್ರೈವಿಗೆ ತುಂಬಿಕೊಂಡರೆ ತೋಟದಲ್ಲಿ ನೆಟ್ ಬೇಡ. ಪೈಗೆ ಆರ್ಮ್ ಇಮೇಜೇ ಇರಬೇಕು. ಗಾಡಿಯ ಮೇಲೆ ಮಾತ್ರ ನನಗೆ ಸರಿಬರಲಿಲ್ಲ. ಯುಎಸ್‌ಬಿ ಸಾಧನಗಳನ್ನು ಒಂದೊಂದಾಗಿ ಒಳಗೆ ಬಿಡಬೇಕು. ನೆಟ್‌ವರ್ಕ್ ಹೋಸ್ಟ್ ಕೊಟ್ಟ ಮೇಲೆ ಟಾಪಿಕ್‌ಗಳ (ರಾಸ್ ಪ್ರೋಗ್ರಾಮುಗಳು ಡೇಟಾ ಕಳಿಸುವ ವಾಹಿನಿಗಳು) ಪಟ್ಟಿ ಹೊರಗೂ ಕಾಣುತ್ತಿತ್ತು, ಆದರೆ ಡೇಟಾ ಬರುತ್ತಿರಲಿಲ್ಲ. ಈ ಡೇಟಾ ಸಾಗಿಸುವ ಫಾಸ್ಟ್ ಡಿಡಿಎಸ್, ಎರಡೂ ಕಡೆಯವರು ಒಂದೇ ಯಂತ್ರದವರು ಅಂದುಕೊಂಡು ಶೇರ್ಡ್ ಮೆಮೊರಿ ಹಿಡಿಯುತ್ತದೆ, ಕಂಟೇನರ್ (ಡಾಕರ್‌ನ ಡಬ್ಬಿ) ಅದನ್ನು ಹೊರಗೆ ಹಂಚುವುದಿಲ್ಲ. ಐಪಿಸಿ ಹೋಸ್ಟ್ ಅಂತಲೂ ಕೊಡಬೇಕು. ಲೈಬ್ರರಿ ತಲೆನೋವು ಹೋಯಿತು, ಇದು ಬಂತು.

ಈಗ ಗಾಡಿಯಲ್ಲಿ ಇರುವುದು ರಾಸ್‌ಡೆಪ್ ಮತ್ತು ರನ್‌ಪಾತ್. ರಾಸ್‌ನ ಸೆಟಪ್ ಡಾಟ್ ಬ್ಯಾಷನ್ನು ಸಿಸ್ಟಮ್‌ಡಿ ಸರ್ವೀಸೇ ಸೋರ್ಸ್ ಮಾಡಿಕೊಳ್ಳುತ್ತದೆ. ಎಲ್‌ಡಿಕಾನ್ಫಿಗ್‌ಗೆ ಅಂತ ಬರೆದ ಫೈಲ್ ಅಳಿಸಿ ಆಗಿದೆ. ಗೆಳೆಯ ಉಬುಂಟು 24.04, ರಾಸ್ 2ರ ಜಾಝಿಗೆ ಹೋಗೋಣ ಅಂತಿದ್ದಾನೆ. ಹೋದರೆ ಓಪನ್‌ಸಿವಿ 4.6 ಆಗುತ್ತದೆ, ಎಲ್ಲಾ ಮತ್ತೆ ಬಿಲ್ಡ್. ಹಂಬಲ್‌ಗೆ 2027ರ ಮೇವರೆಗೆ ಬೆಂಬಲ ಇದೆ, ಈ ಸಲದ ಅಡಿಕೆ ಕೊಯ್ಲು ಮುಗಿಯೋವರೆಗೆ ಆ ಮಾತೇ ಎತ್ತಬೇಡ ಅಂದಿದ್ದೇನೆ.