ಕ್ಯಾಲ್‌ಕ್ರಿಮ್ 1600: ಪುಕ್ಕಟೆ ಸಿಗುವ ಒಳ್ಳೆಯ ಕೈಪಿಡಿ, ಐದನೇ ಅಂಶ ಮಾತ್ರ ಅರೆಬರೆ

ಸುಲಿಗೆ ಮೊಕದ್ದಮೆಗಳಿಗೆಂದು ಕ್ಯಾಲಿಫೋರ್ನಿಯಾದ ಜುಡಿಷಿಯಲ್ ಕೌನ್ಸಿಲ್ ಸಿದ್ಧಪಡಿಸಿರುವ ಜ್ಯೂರಿ ಸೂಚನೆ ಇದು, ಅಂದರೆ ಏನೇನು ಸಾಬೀತಾಗಬೇಕೆಂದು ನ್ಯಾಯಾಧೀಶರು ಜ್ಯೂರಿಗೆ ಓದಿ ಹೇಳುವ ಪಠ್ಯ. ಕೌನ್ಸಿಲ್‌ನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿನ ಬಾಲ ನ್ಯಾಯಾಲಯದಲ್ಲಿ ಜ್ಯೂರಿ ಇರುವುದಿಲ್ಲ, ತೀರ್ಮಾನ ನ್ಯಾಯಾಧೀಶರೊಬ್ಬರದೇ. ಆದರೂ ಅಪ್ರಾಪ್ತರ ಪ್ರಕರಣ ಹಿಡಿದವರು ಮೊದಲು ಓದಬೇಕಾದ ಕಾಗದ ಇದೇ. ದಂಡ ಸಂಹಿತೆಯ 211ನೇ ಕಲಂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದನ್ನು ಆರು ಅಂಶಗಳಾಗಿ ಬಿಡಿಸಿಡುತ್ತದೆ. ಅಮೆರಿಕದ ಸುಪ್ರೀಂ ಕೋರ್ಟಿನ 1970ರ ವಿನ್‌ಶಿಪ್ ತೀರ್ಪಿನಿಂದಾಗಿ ಆ ಆರನ್ನೂ ಮಕ್ಕಳ ವಿರುದ್ಧವೂ ಸಂಶಯಾತೀತವಾಗಿ ಸಾಬೀತುಪಡಿಸಲೇಬೇಕು.

ಮೊದಲ ನಾಲ್ಕರ ಬಗ್ಗೆ ಹೆಚ್ಚು ವಾದ ನಡೆಯುವುದಿಲ್ಲ: ಪರರ ವಸ್ತು, ಅದು ಇನ್ನೊಬ್ಬರ ಸ್ವಾಧೀನದಲ್ಲಿತ್ತು, ಅವರ ಮೈಮೇಲಿಂದ ಇಲ್ಲವೇ ಸಮೀಪದಿಂದ ತೆಗೆದದ್ದು, ಇಷ್ಟಕ್ಕೆ ವಿರುದ್ಧವಾಗಿ. ಪ್ರಕರಣ ನಿಲ್ಲುವುದೋ ಬೀಳುವುದೋ ಐದನೆಯದರಲ್ಲಿ. ವಸ್ತು ಕಸಿಯಲು ಅಥವಾ ಪ್ರತಿರೋಧ ತಡೆಯಲು ಬಲ ಇಲ್ಲವೇ ಭಯ ಬಳಸಿರಬೇಕು. ಎರಡರಲ್ಲಿ ಒಂದಿದ್ದರೆ ಸಾಕು.

ಎಷ್ಟು ಬಲ? ಸೂಚನೆ ಇಲ್ಲಿ ಕೈಕೊಡುತ್ತದೆ, ತೀರ್ಪುಗಳನ್ನೇ ನೋಡಬೇಕು. ವಸ್ತುವನ್ನು ಎತ್ತಿಕೊಳ್ಳಲು ಹೇಗೂ ಬೇಕಾಗುವುದಕ್ಕಿಂತ ಹೆಚ್ಚಿನ ಬಲ ಇರಬೇಕು. ಸಡಿಲವಾಗಿ ಹಿಡಿದಿದ್ದ ಫೋನನ್ನು ಸರಕ್ಕನೆ ಎಗರಿಸಿದರೆ ಅದು ದಂಡ ಸಂಹಿತೆಯ 487(ಸಿ) ಅಡಿಯ ಗ್ರ್ಯಾಂಡ್ ಥೆಫ್ಟ್‌ನತ್ತ (ಮೈಮೇಲಿನ ವಸ್ತುವಿನ ಕಳವು) ವಾಲುತ್ತದೆ. ಎಳೆದಾಡಿದ್ದರೆ, ತಳ್ಳಿದ್ದರೆ ಸುಲಿಗೆಯತ್ತ. ಇಬ್ಬರ ಮೈಕಟ್ಟನ್ನೂ ಕೋರ್ಟು ಗಮನಿಸುತ್ತದೆ, ಆದ್ದರಿಂದ ಎರಡೂ ಕಡೆಯವರ ವಯಸ್ಸು, ಎತ್ತರ, ತೂಕ ಕಡತದಲ್ಲಿರಲಿ. ಕಿತ್ತುಬಂದ ಬ್ಯಾಗಿನ ಪಟ್ಟಿ, ಕೈಮೇಲಿನ ಗೀರು ಇದ್ದರೆ ಫೋಟೋ ಬೇಕು. ಅಂಗಡಿಯ ಸಿಸಿಟಿವಿ ದೃಶ್ಯ ತಾನಾಗಿ ಅಳಿಸಿಹೋಗುವ ಮುನ್ನ, ಉಳಿಸಿಕೊಳ್ಳಿ ಎಂದು ಲಿಖಿತ ಕೋರಿಕೆ ಹೋಗಬೇಕು.

ಭಯದ ಲೆಕ್ಕ ಬೇರೆ. 212ನೇ ಕಲಮಿನ ಭಯ ಎಂದರೆ ತನಗೆ, ತನ್ನವರಿಗೆ, ಆಸ್ತಿಗೆ ಅಥವಾ ಜೊತೆಯಲ್ಲಿದ್ದವರಿಗೆ ಕಾನೂನುಬಾಹಿರ ಹಾನಿಯಾದೀತೆಂಬ ಭಯ. ದೂರುದಾರರು ನಿಜಕ್ಕೂ ಹೆದರಿರಬೇಕು. ಹಾಗೆಂದು ಅವರೇ ಹೇಳಬೇಕೆಂದಿಲ್ಲ, ನಾಲ್ಕು ಹುಡುಗರು ಸುತ್ತುವರಿದರೆಂಬ ಸಂದರ್ಭದಿಂದಲೂ ಊಹಿಸಬಹುದು. ಹೆದರಿಸುವ ಪ್ರತ್ಯೇಕ ಉದ್ದೇಶ ಬೇಕಿಲ್ಲ ಎನ್ನುತ್ತದೆ 2011ರ ಆಂಡರ್ಸನ್ ತೀರ್ಪು. ಪೊಲೀಸ್ ವರದಿಯ 'ತುಂಬಾ ಭಯವಾಯಿತು' ಎಂಬ ಸಿದ್ಧವಾಕ್ಯವನ್ನು ಮಾತ್ರ ಹಾಗೇ ಒಪ್ಪಬೇಡಿ. ಬಾಡಿ ಕ್ಯಾಮೆರಾದ ಮೂಲ ಧ್ವನಿಯಲ್ಲಿ ಆ ಮಾತು ಅವರದೋ, ಅಧಿಕಾರಿ ಕೇಳಿದ ಪ್ರಶ್ನೆಗೆ ಬಂದ 'ಹೂಂ' ಮಾತ್ರವೋ? ಪಾಟೀ ಸವಾಲು ಶುರುವಾಗುವುದೇ ಇಲ್ಲಿಂದ.

ಕಾಲಕ್ರಮವೂ ಮುಖ್ಯ. ಕದ್ದ ಮಾಲಿನೊಂದಿಗೆ ಓಡುವಾಗ ಸೆಕ್ಯುರಿಟಿಯವರನ್ನು ತಳ್ಳಿದರೂ ಸುಲಿಗೆಯೇ (1983ರ ಎಸ್ಟೆಸ್). ಮಾಲು ಒಪ್ಪಿಸಿದ ಮೇಲೆ ಬರೀ ತಪ್ಪಿಸಿಕೊಳ್ಳಲು ತಳ್ಳಿದರೆ ಅಲ್ಲ (2013ರ ಹಾಡ್ಜಸ್). ಯಾವ ಕ್ಷಣದಲ್ಲಿ ವಸ್ತು ಯಾರ ಕೈಯಲ್ಲಿತ್ತು ಎಂದು ಸೆಕೆಂಡಿನ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಆರನೇ ಅಂಶವಾದ ಕಸಿದುಕೊಳ್ಳುವ ಉದ್ದೇಶ, ಬಲ ಪ್ರಯೋಗಿಸುವ ಮುನ್ನ ಅಥವಾ ಪ್ರಯೋಗಿಸುವಾಗಲೇ ಇದ್ದಿರಬೇಕು.

ಬಾಲ ನ್ಯಾಯಾಲಯದ ನಡಾವಳಿಯನ್ನು ಇದರಲ್ಲಿ ಹುಡುಕಬೇಡಿ, ಅದಕ್ಕೆ ವೆಲ್ಫೇರ್ ಅಂಡ್ ಇನ್‌ಸ್ಟಿಟ್ಯೂಷನ್ಸ್ ಕೋಡ್ ಪಕ್ಕದಲ್ಲಿರಬೇಕು. ಪೊಲೀಸರು ಪ್ರಶ್ನಿಸುವ ಮುನ್ನ ವಕೀಲರೊಡನೆ ಮಾತಾಡುವ ಹಕ್ಕು 625.6ರಲ್ಲಿದೆ. ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿದೊಡನೆ ಪ್ರಕರಣ ಕೈಬಿಡಿ ಎಂದು ಕೇಳಲು 701.1, ಐದನೇ ಅಂಶ ಪೊಳ್ಳಾಗಿದ್ದರೆ ಅದನ್ನು ಎತ್ತಬೇಕಾದ ಹೊತ್ತು ಅದೇ. ಸುಲಿಗೆ 707(ಬಿ)ಯ ಗಂಭೀರ ಅಪರಾಧಗಳ ಪಟ್ಟಿಯಲ್ಲಿರುವುದರಿಂದ, ಆರೋಪ ಕಳವಿಗೆ ಇಳಿದರೂ ಅದು ಸಣ್ಣ ಲಾಭವಲ್ಲ.

ಐದಕ್ಕೆ ನಾಲ್ಕು ಅಂಕ. ಸೂಚನೆಯ ಕೆಳಗಿರುವ ಟಿಪ್ಪಣಿ, ತೀರ್ಪುಗಳ ಪಟ್ಟಿಯನ್ನು ಬಿಟ್ಟು ಮುದ್ರಿಸಿಕೊಂಡರೆ ಎರಡೇ.